ಬೆಳೆಯುವ ನಗರದ ಯಾವ ಕಷ್ಟ ಸ್ಮಾರ್ಟ್ ಸಿಟಿಯಿಂದ ನಿಜಕ್ಕೂ ಕಡಿಮೆಯಾಗುತ್ತದೆ?

ನಕ್ಷೆಹುಡುಗಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ನಗರ ಯೋಜನೆ ಓದುತ್ತಿದ್ದೇನೆ, ಕೊನೆಯ ವರ್ಷ. ಪ್ರಾಜೆಕ್ಟಿಗೆ ಸ್ಮಾರ್ಟ್ ಸಿಟಿ ವಿಷಯ ಆರಿಸಿಕೊಂಡಿದ್ದೇನೆ. ಓದಿದಷ್ಟೂ ಗೊಂದಲ ಜಾಸ್ತಿಯಾಗುತ್ತಿದೆ.

1950ರಲ್ಲಿ ಜಗತ್ತಿನ ಜನರಲ್ಲಿ ಶೇ. 30ರಷ್ಟು ಮಂದಿ ಮಾತ್ರ ನಗರಗಳಲ್ಲಿದ್ದರು. ವಿಶ್ವಸಂಸ್ಥೆಯ 2018ರ ವರದಿ ಪ್ರಕಾರ ಅದು ಶೇ. 55 ಆಗಿತ್ತು, 2050ಕ್ಕೆ ಶೇ. 68 ಆಗಬಹುದು. ಇಷ್ಟು ಜನಕ್ಕೆ ನೀರು, ಮನೆ, ಬಸ್ಸು, ಚರಂಡಿ ಎಲ್ಲಿಂದ ತರುವುದು? ನಾನು ಓದಿದ ವರದಿಗಳಲ್ಲೆಲ್ಲ ಉತ್ತರ ಹೆಚ್ಚುಕಮ್ಮಿ ಒಂದೇ. ಸೆನ್ಸರ್ ಹಾಕಿ, ಡೇಟಾ ಸೇರಿಸಿ, ಒಂದು ಕಂಟ್ರೋಲ್ ರೂಮ್ ಕಟ್ಟಿ.

ನನ್ನ ಅನುಮಾನ ಇಷ್ಟು. ನಗರದ ಅಂಚಿಗೆ ಹೊಸದಾಗಿ ಬಂದು ಸೇರಿದವರ ಮನೆಗೆ ಪೈಪೇ ಹೋಗಿರುವುದಿಲ್ಲ. ಪೈಪ್ ಇಲ್ಲದ ಕಡೆ ಸೆನ್ಸರ್ ಏನನ್ನು ಅಳೆಯಬೇಕು? ಅಬುಧಾಬಿಯ ಮಸ್ದರ್ ಅನ್ನುವ ಹೊಸ ನಗರದ ಬಗ್ಗೆ ಓದಿದೆ. 2006ರಲ್ಲಿ ಘೋಷಣೆಯಾಯಿತು, 2016ಕ್ಕೆ ಮುಗಿಯಬೇಕಿತ್ತು, ಆಮೇಲೆ ಗಡುವು ಮುಂದಕ್ಕೆ ಹೋಯಿತು. ಕೊರಿಯಾದ ಸೊಂಗ್ಡೊ ಸಮುದ್ರ ತುಂಬಿಸಿದ ಜಾಗದಲ್ಲಿ ಎದ್ದ ನಗರ. ಎರಡೂ ಖಾಲಿ ಜಾಗದಲ್ಲಿ ಮೊದಲಿನಿಂದ ಕಟ್ಟಿದವು. ಆಗಲೇ ತುಂಬಿಹೋಗಿರುವ ಹಳೆಯ ನಗರಕ್ಕೆ ಅವುಗಳಿಂದ ಕಲಿಯುವುದು ಏನಿದೆ ಅಂತ ನನಗೆ ಗೊತ್ತಾಗುತ್ತಿಲ್ಲ.

ಈ ಕೆಲಸದಲ್ಲೇ ಇರುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಪುಸ್ತಕದ ಉತ್ತರ ನನ್ನ ಹತ್ತಿರ ಬೇಕಾದಷ್ಟಿದೆ.

ನೀರಗಂಟಿ

ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ನಾನು ನಗರದ ನೀರು ಸರಬರಾಜಿನಲ್ಲಿ ಇಂಜಿನಿಯರ್. ಸೋರಿಕೆ ಹುಡುಕುವುದು ನನ್ನ ಕೆಲಸ. ಟ್ರಾಫಿಕ್, ಕ್ಯಾಮೆರಾ ಇವುಗಳ ಬಗ್ಗೆ ಬೇರೆಯವರು ಹೇಳಲಿ, ನಾನು ನೀರಿನ ಬಗ್ಗೆ ಹೇಳುತ್ತೇನೆ.

ಜಗತ್ತಿನ ಎಷ್ಟೋ ನಗರಗಳಲ್ಲಿ ಶುದ್ಧೀಕರಿಸಿದ ನೀರಿನ ಮೂರನೇ ಒಂದು ಪಾಲು ಬಿಲ್ಲಿಗೆ ಸಿಗುವುದೇ ಇಲ್ಲ. ಅದರಲ್ಲಿ ದೊಡ್ಡ ಭಾಗ ನೆಲದೊಳಗೆ ಸೋರಿ ಹೋಗುತ್ತದೆ. ಜನ ಜಾಸ್ತಿಯಾದ ಹಾಗೆಲ್ಲ ನಗರಗಳು ಇನ್ನೂ ದೂರದ ನದಿಯಿಂದ ನೀರು ತರಲು ಹೊರಡುತ್ತವೆ. ಕೈಯಲ್ಲಿರುವ ನೀರು ಉಳಿಸುವುದು ಅದಕ್ಕಿಂತ ಎಷ್ಟೋ ಅಗ್ಗ. ಇಲ್ಲಿ ಸೆನ್ಸರಿಗೆ ನಿಜವಾದ ಕೆಲಸ ಇದೆ, ಅದನ್ನು ನಾನು ದಿನಾ ನೋಡುತ್ತೇನೆ.

ಹೇಗೆ ಅಂತ ಹೇಳುತ್ತೇನೆ. ಪೈಪ್ ಜಾಲವನ್ನು ಸಣ್ಣ ಸಣ್ಣ ವಲಯಗಳಾಗಿ ಬೇರೆ ಮಾಡುತ್ತೇವೆ. ಗಡಿಯ ವಾಲ್ವ್‌ಗಳನ್ನೆಲ್ಲ ಮುಚ್ಚಿ, ನೀರು ಒಳಗೆ ಬರುವ ದಾರಿ ಆದಷ್ಟೂ ಒಂದೇ ಇರುವ ಹಾಗೆ ನೋಡಿಕೊಳ್ಳುತ್ತೇವೆ. ಆ ದಾರಿಯಲ್ಲಿ ಒಂದು ಮೀಟರ್. ಅದು ಹದಿನೈದು ನಿಮಿಷಕ್ಕೊಮ್ಮೆ ಎಷ್ಟು ನೀರು ಒಳಗೆ ಹೋಯಿತು ಅಂತ ಫೋನ್ ನೆಟ್‌ವರ್ಕಿನಲ್ಲಿ ಕಳಿಸುತ್ತದೆ. ನಾವು ನೋಡುವುದು ರಾತ್ರಿ 2ರಿಂದ 4ರವರೆಗಿನ ಅಂಕಿಯನ್ನು. ಆಗ ಜನ ಮಲಗಿರುತ್ತಾರೆ, ನಲ್ಲಿ ತಿರುಗಿಸುವವರು ತೀರಾ ಕಡಿಮೆ. ಆ ಹೊತ್ತಿನಲ್ಲೂ ವಲಯದೊಳಗೆ ನೀರು ಜೋರಾಗಿ ಹೋಗುತ್ತಿದೆ ಅಂದರೆ ಅದು ಬಹುಪಾಲು ಸೋರಿಕೆ. ನಿನ್ನೆ ರಾತ್ರಿಗಿಂತ ಇವತ್ತು ಅಂಕಿ ಮೇಲೇರಿದೆ, ನಾಳೆಯೂ ಇಳಿಯಲಿಲ್ಲ ಅಂದರೆ ಅಲ್ಲೆಲ್ಲೋ ಹೊಸದಾಗಿ ಪೈಪ್ ಒಡೆದಿದೆ ಅಂತ ಲೆಕ್ಕ.

ಇಲ್ಲಿಯವರೆಗೆ ಯಂತ್ರ ಬಂತು. ಇನ್ನು ಮನುಷ್ಯ ಹೋಗಬೇಕು. ವಾಲ್ವ್‌ಗಳ ಮೇಲೆ ಅಯಸ್ಕಾಂತದಿಂದ ಅಂಟಿಸುವ ಸಣ್ಣ ಲಾಗರ್‌ಗಳಿವೆ. ಅವು ರಾತ್ರಿಯೆಲ್ಲ ಪೈಪಿನ ಸದ್ದು ಕೇಳಿ ದಾಖಲಿಸುತ್ತವೆ. ಒಡೆದ ಜಾಗದಿಂದ ಒತ್ತಡದಲ್ಲಿ ಚಿಮ್ಮುವ ನೀರು 'ಸುಯ್' ಅಂತ ಒಂದೇ ಸಮನೆ ಸದ್ದು ಮಾಡುತ್ತದೆ. ಪೈಪಿನ ಎರಡು ತುದಿಯಲ್ಲಿ ಒಂದೊಂದು ಸೆನ್ಸರ್ ಇಟ್ಟರೆ ಆ ಸದ್ದು ಯಾವುದಕ್ಕೆ ಎಷ್ಟು ಮೊದಲು ತಲುಪಿತು ಅನ್ನುವುದರ ಮೇಲೆ ಒಡೆದ ಜಾಗದ ದೂರ ಸಿಗುತ್ತದೆ. ಕಬ್ಬಿಣದ ಪೈಪಿನಲ್ಲಿ ಸದ್ದು ದೂರದವರೆಗೆ ಹೋಗುತ್ತದೆ. ಪ್ಲಾಸ್ಟಿಕ್ ಪೈಪ್ ಸದ್ದನ್ನು ಬೇಗ ನುಂಗಿಬಿಡುತ್ತದೆ, ಅಲ್ಲಿ ಸೆನ್ಸರ್‌ಗಳನ್ನು ತೀರಾ ಹತ್ತಿರ ಹತ್ತಿರ ಇಡಬೇಕು. ಕೊನೆಗೆ ಆ ಜಾಗದಲ್ಲಿ ನಿಂತು, ಉದ್ದನೆಯ ಕೇಳುವ ಕೋಲನ್ನು ವಾಲ್ವಿನ ಮೇಲೆ ಊರಿ, ಇನ್ನೊಂದು ತುದಿಗೆ ಕಿವಿ ಇಟ್ಟು ಖಚಿತ ಮಾಡಿಕೊಳ್ಳುತ್ತೇವೆ. ನನ್ನ ಜೊತೆಗಿರುವ ಹಿರಿಯ ವಾಲ್ವ್‌ಮನ್ ಒಬ್ಬರು ಕೋಲಿಟ್ಟ ತಕ್ಷಣ ಇದು ಸೋರಿಕೆಯಾ ಅಥವಾ ಅರ್ಧ ಮುಚ್ಚಿದ ವಾಲ್ವಿನ ಸದ್ದಾ ಅಂತ ಹೇಳುತ್ತಾರೆ. ಅವರ ಮಾತು ಕೇಳದೆ ನಾನು ರಸ್ತೆ ಅಗೆಸುವುದಿಲ್ಲ.

ಈಗ ಮುಖ್ಯ ವಿಷಯ. ಸೋರಿ ಹೋದ ನೀರು ಅಂದರೆ ಸೋರುವ ವೇಗ ಗುಣಿಸು ಸೋರುತ್ತಿದ್ದ ಕಾಲ. ದೊಡ್ಡ ಪೈಪ್ ಒಡೆದರೆ ರಸ್ತೆ ತುಂಬಾ ನೀರು, ಜನ ಫೋನ್ ಮಾಡುತ್ತಾರೆ, ಅವತ್ತೇ ರಿಪೇರಿ ಆಗುತ್ತದೆ. ನೆಲದೊಳಗೆ ಯಾರಿಗೂ ಕಾಣದೆ ತಿಂಗಳುಗಟ್ಟಲೆ ಸೋರುವ ಸಣ್ಣ ತೂತು ಅದಕ್ಕಿಂತ ಜಾಸ್ತಿ ನೀರು ತಿನ್ನುತ್ತದೆ. ಆ ಕಾಲದಲ್ಲಿ ಮೂರು ಪಾಲು ಇದೆ. ಸೋರಿಕೆ ಇದೆ ಅಂತ ತಿಳಿಯುವವರೆಗಿನದು ಒಂದು, ಎಲ್ಲಿ ಅಂತ ಸಿಗುವವರೆಗಿನದು ಇನ್ನೊಂದು, ಸರಿಮಾಡುವವರೆಗಿನದು ಮತ್ತೊಂದು. ಸೆನ್ಸರ್ ಮೊದಲ ಎರಡನ್ನು ಚಿಕ್ಕದು ಮಾಡುತ್ತದೆ. ಮೂರನೆಯದಕ್ಕೆ ಬೇಕಾಗುವುದು ರಸ್ತೆ ಅಗೆಯಲು ಅನುಮತಿ, ಸರಿಯಾದ ಅಳತೆಯ ಕ್ಲ್ಯಾಂಪ್, ಪಂಪು, ರಾತ್ರಿ ಪಾಳಿಯ ಗ್ಯಾಂಗ್.

ಒಂದು ಕಡೆ ಕಂಟ್ರೋಲ್ ರೂಮಿನ ಪರದೆಯಲ್ಲಿ ಒಂದೇ ವಲಯ ವಾರಗಟ್ಟಲೆ ಕೆಂಪಾಗಿ ಇದ್ದದ್ದನ್ನು ನೋಡಿದ್ದೇನೆ. ಆಪರೇಟರ್ ಹುಡುಗಿ ದಿನಾ ಮೇಲಿನವರಿಗೆ ವರದಿ ಕಳಿಸುತ್ತಿದ್ದಳು. ಗುತ್ತಿಗೆಯಲ್ಲಿ ಸೆನ್ಸರ್ ಕೂರಿಸುವ ಕೆಲಸ ಇತ್ತು, ಪರದೆ ಇತ್ತು, ಸಾಫ್ಟ್‌ವೇರ್ ಇತ್ತು. ರಿಪೇರಿ ಗ್ಯಾಂಗಿಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಆ ಹುಡುಗಿಯ ಮುಖ ನೆನಪಾದರೆ ನನಗೆ ಈಗಲೂ ಸಂಕಟವಾಗುತ್ತದೆ. ಅವಳು ತನ್ನ ಕೆಲಸ ಸರಿಯಾಗಿ ಮಾಡುತ್ತಿದ್ದಳು, ಅವಳ ಮಾತು ಕೇಳಿ ಹೋಗುವವರು ಯಾರೂ ಇರಲಿಲ್ಲ.

ಕಾಂಬೋಡಿಯಾದ ನಾಮ್ ಪೆನ್ ನಗರವನ್ನು ನಿಮ್ಮ ಪ್ರಾಜೆಕ್ಟಿಗೆ ಖಂಡಿತ ಓದಿ. ಯುದ್ಧದಿಂದ ಹಾಳಾಗಿದ್ದ ಊರು. 1993ರಲ್ಲಿ ಅಲ್ಲಿ ಶೇ. 72ರಷ್ಟು ನೀರು ಲೆಕ್ಕಕ್ಕೆ ಸಿಗದೆ ಹೋಗುತ್ತಿತ್ತು. ದಿನಕ್ಕೆ ಹತ್ತು ಗಂಟೆ ಮಾತ್ರ ನೀರು. ಅದೂ ನಗರದ ಕಾಲು ಭಾಗದಷ್ಟು ಜನಕ್ಕೆ. ಎಕ್ ಸೊನ್ ಚಾನ್ ಅನ್ನುವವರು ಅಲ್ಲಿನ ನೀರು ಸರಬರಾಜು ಸಂಸ್ಥೆಯ ಮುಖ್ಯಸ್ಥರಾಗಿ ಬಂದರು. ಎಲ್ಲ ಸಂಪರ್ಕಕ್ಕೂ ಮೀಟರ್ ಹಾಕಿಸಿದರು. ದೊಡ್ಡವರೂ ಬಿಲ್ ಕಟ್ಟಲೇಬೇಕು ಅಂದರು. ಕಳ್ಳ ಸಂಪರ್ಕಕ್ಕೆ ಕೈಜೋಡಿಸಿದ ನೌಕರರನ್ನು ಮನೆಗೆ ಕಳಿಸಿದರು, ಚೆನ್ನಾಗಿ ಕೆಲಸ ಮಾಡಿದವರಿಗೆ ಬಹುಮಾನ ಕೊಟ್ಟರು. ದಿನದ 24 ಗಂಟೆಯೂ ಸೋರಿಕೆ ರಿಪೇರಿಗೆ ತಂಡ ಸಿದ್ಧ ಇರುವ ಹಾಗೆ ಮಾಡಿದರು. ಜಾಲವನ್ನು ವಲಯಗಳಾಗಿ ಮಾಡಿ ಒತ್ತಡ, ಹರಿವು ಅಳೆಯುವ ಉಪಕರಣ ಹಾಕಿದ್ದೂ ಇದರ ಜೊತೆಗೇ. ಅವರಿಗೆ 2006ರಲ್ಲಿ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆ ದಶಕ ಮುಗಿಯುವ ಹೊತ್ತಿಗೆ ನಷ್ಟ ಶೇ. 6ರ ಆಸುಪಾಸಿಗೆ ಇಳಿದಿತ್ತು. ನೀರು ಹಗಲೂ ರಾತ್ರಿ ಬರುತ್ತಿತ್ತು. ಅಲ್ಲಿನವರು ಸ್ಮಾರ್ಟ್ ಸಿಟಿ ಕಟ್ಟುತ್ತೇವೆ ಅಂತ ಹೊರಟವರಲ್ಲ. ಆದರೆ ಈ ಪದಕ್ಕೆ ಏನಾದರೂ ಅರ್ಥ ಇದ್ದರೆ ಅದು ಅಲ್ಲಿ ಆದ ಕೆಲಸಕ್ಕೇ ಸಲ್ಲಬೇಕು ಅಂತ ನಾನು ನಂಬಿದ್ದೇನೆ.

ಮೂರನೇಗೇರ್

ನೀರಗಂಟಿ ಸರ್, ತುಂಬಾ ಚೆನ್ನಾಗಿ ಬಿಡಿಸಿ ಹೇಳಿದಿರಿ. ನಾನು ಸಿಗ್ನಲ್ ಮತ್ತು ಬಸ್ ಕಡೆಯವನು. ಒಂದೆರಡು ಮಾತು ಸೇರಿಸುತ್ತೇನೆ, ಒಂದು ಕಡೆ ಸ್ವಲ್ಪ ಭಿನ್ನಾಭಿಪ್ರಾಯವೂ ಇದೆ.

ವಾಹನ ನೋಡಿಕೊಂಡು ತಾನೇ ಸಮಯ ಬದಲಿಸುವ ಸಿಗ್ನಲ್ ಹೊಸದೇನಲ್ಲ. ಬ್ರಿಟನ್ನಿನ ಸ್ಕೂಟ್, ಸಿಡ್ನಿಯ ಸ್ಕ್ಯಾಟ್ಸ್ ಎರಡೂ 1970ರ ದಶಕದವು. ರಸ್ತೆಯೊಳಗೆ ಹೂತ ತಂತಿಯ ಸುರುಳಿ ವಾಹನಗಳನ್ನು ಎಣಿಸುತ್ತದೆ, ಹಸಿರು ದೀಪದ ಹೊತ್ತು ಕೆಲವು ಸೆಕೆಂಡು ಹೆಚ್ಚು ಕಡಿಮೆ ಆಗುತ್ತದೆ. ಉಪಯೋಗ ಇದೆ. ಆದರೆ ರಸ್ತೆ ಪೂರ್ತಿ ತುಂಬಿದ ಮೇಲೆ ಯಾವ ಸಿಗ್ನಲ್ಲೂ ಹೊಸ ಜಾಗ ಹುಟ್ಟಿಸುವುದಿಲ್ಲ.

ಆಗ ಬೇಕಾಗುವುದು ಕಾರುಗಳನ್ನೇ ಕಡಿಮೆ ಮಾಡುವ ತೀರ್ಮಾನ. ಸ್ವೀಡನ್ನಿನ ಸ್ಟಾಕ್‌ಹೋಮ್ 2006ರ ಜನವರಿಯಿಂದ ಜುಲೈವರೆಗೆ ನಗರದ ಒಳಗೆ ಬರುವ, ಹೊರಗೆ ಹೋಗುವ ಕಾರುಗಳಿಗೆ ಶುಲ್ಕ ಹಾಕಿ ನೋಡಿತು. ಗಡಿ ದಾಟುವ ವಾಹನ ಸುಮಾರು ಶೇ. 20 ಇಳಿಯಿತು. ಶುರುವಿನಲ್ಲಿ ಜನ ಭಾರೀ ವಿರೋಧ ಮಾಡಿದ್ದರು. ಅನುಭವ ಆದ ಮೇಲೆ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮತ ಹಾಕಿ ಬೇಕು ಅಂದರು. 2007ರಲ್ಲಿ ಕಾಯಂ ಆಯಿತು. ಗಮನಿಸಿ, ಶುಲ್ಕ ಬರುವುದಕ್ಕೆ ತಿಂಗಳುಗಳ ಮೊದಲೇ, 2005ರಲ್ಲೇ, ಹೆಚ್ಚುವರಿ ಬಸ್ಸುಗಳನ್ನು ರಸ್ತೆಗಿಳಿಸಿದ್ದರು.

ನನ್ನ ಭಿನ್ನಾಭಿಪ್ರಾಯ ಇಲ್ಲಿ. ನೀವು ಹೇಳುವ ಗ್ಯಾಂಗ್ ಇಲ್ಲಿ ಬೇಕಾಗಲಿಲ್ಲ, ಅಲ್ವಾ? ನಂಬರ್ ಪ್ಲೇಟ್ ಓದುವ ಕ್ಯಾಮೆರಾ ಇಲ್ಲದಿದ್ದರೆ ಅಷ್ಟು ದಾರಿಗಳಲ್ಲಿ ಟೋಲ್ ಗೇಟ್ ಕಟ್ಟಿ ಇನ್ನಷ್ಟು ಸಾಲು ನಿಲ್ಲಿಸಬೇಕಾಗುತ್ತಿತ್ತು. ಕೆಲವು ಕಡೆ ತಂತ್ರಜ್ಞಾನ ಇಲ್ಲದೆ ಯೋಜನೆಯೇ ಆಗುತ್ತಿರಲಿಲ್ಲ. ಅದನ್ನೂ ಒಪ್ಪಬೇಕು.

ಕಿಟಕಿಪಕ್ಕ

ಇದರಲ್ಲಿ ಇನ್ನೊಂದು ಮುಖ ಇದೆ, ಯಾರೂ ಹೇಳಲಿಲ್ಲ. ಕ್ಯಾಮೆರಾ ಒಂದು ಕೆಲಸಕ್ಕೆ ಬರುತ್ತದೆ, ಆಮೇಲೆ ಇನ್ನೊಂದಕ್ಕೆ ಬಳಕೆಯಾಗುತ್ತದೆ.

ಅಮೆರಿಕದ ಸ್ಯಾನ್ ಡಿಯೇಗೊ 2016ರಲ್ಲಿ ಸ್ಮಾರ್ಟ್ ಬೀದಿದೀಪಕ್ಕೆ ಒಪ್ಪಿಗೆ ಕೊಟ್ಟಿತು. ವಿದ್ಯುತ್ ಉಳಿತಾಯ, ವಾಹನ ಎಣಿಕೆ, ಪಾರ್ಕಿಂಗ್ ಮಾಹಿತಿ ಅಂತ ಹೇಳಿದ್ದರು. 3,000ಕ್ಕೂ ಹೆಚ್ಚು ಕಂಬಗಳಲ್ಲಿ ಕ್ಯಾಮೆರಾ ಬಂತು. ಎರಡು ವರ್ಷದಲ್ಲಿ ಪೊಲೀಸರು ಅದೇ ದೃಶ್ಯಗಳನ್ನು ತನಿಖೆಗೆ ಬಳಸತೊಡಗಿದರು. ಜನರಿಗೆ ತಿಳಿದದ್ದು ಆಮೇಲೆ. ದೊಡ್ಡ ಪ್ರತಿಭಟನೆಯಾಗಿ 2020ರಲ್ಲಿ ಆ ಕ್ಯಾಮೆರಾಗಳನ್ನು ನಿಲ್ಲಿಸಬೇಕಾಯಿತು. ಕೆನಡಾದ ಟೊರಾಂಟೊದಲ್ಲಿ ಗೂಗಲ್‌ನ ಸಹೋದರ ಕಂಪನಿ ಸೈಡ್‌ವಾಕ್ ಲ್ಯಾಬ್ಸ್ 12 ಎಕರೆಯಲ್ಲಿ ಹೊಸ ಬಡಾವಣೆ ಕಟ್ಟಲು 2017ರಲ್ಲಿ ಬಂತು. ಸಲಹೆಗಾರರಾಗಿದ್ದ, ಆ ಒಂಟಾರಿಯೊ ಪ್ರಾಂತ್ಯದ ಮಾಜಿ ಖಾಸಗಿತನ ಆಯುಕ್ತೆ ಆ್ಯನ್ ಕವೂಕಿಯನ್ 2018ರಲ್ಲಿ ರಾಜೀನಾಮೆ ಕೊಟ್ಟರು. ಸಂಗ್ರಹಿಸಿದ ಕ್ಷಣದಲ್ಲೇ ಮಾಹಿತಿಯಿಂದ ವ್ಯಕ್ತಿಯ ಗುರುತು ಅಳಿಸಬೇಕು ಅನ್ನುವುದು ಅವರ ಪಟ್ಟು. 2020ರ ಮೇ ತಿಂಗಳಲ್ಲಿ ಆರ್ಥಿಕ ಅನಿಶ್ಚಿತತೆಯ ಕಾರಣ ಕೊಟ್ಟು ಕಂಪನಿ ಯೋಜನೆಯನ್ನು ಕೈಬಿಟ್ಟಿತು.

ಮೂರನೇಗೇರ್ ಅವರೇ, ಸ್ಟಾಕ್‌ಹೋಮ್ ಗೆದ್ದದ್ದಕ್ಕೆ ಮತದಾನವೂ ಕಾರಣ. ಜನರನ್ನು ಕೇಳಿದರು. ಸ್ಯಾನ್ ಡಿಯೇಗೊದಲ್ಲಿ ಕೇಳಲಿಲ್ಲ. ನೀರಿನ ಮೀಟರ್ ವಿಷಯದಲ್ಲೂ ಇದೇ ಮಾತು. ಹದಿನೈದು ನಿಮಿಷಕ್ಕೊಮ್ಮೆ ಓದುವ ಮೀಟರ್ ಒಂದು ಮನೆಗೆ ಹಾಕಿದರೆ ಅಲ್ಲಿ ಯಾರು ಯಾವಾಗ ಏಳುತ್ತಾರೆ, ಮನೆ ಯಾವತ್ತು ಖಾಲಿ ಇದೆ ಅಂತ ಗೊತ್ತಾಗಿಬಿಡುತ್ತದೆ.

ನಕ್ಷೆಹುಡುಗಿ

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ. ನೀರಗಂಟಿ ಸರ್, ಎರಡು ಪ್ರಶ್ನೆ. ರಾತ್ರಿ ಹರಿವು ನೋಡುವ ವಿಧಾನ ದಿನಕ್ಕೆ ಎರಡು ಗಂಟೆ ಮಾತ್ರ ನೀರು ಬಿಡುವ ಕಡೆ ನಡೆಯುತ್ತದಾ? ಮತ್ತೆ, ನನ್ನ ಮೊದಲ ಪ್ರಶ್ನೆ ಹಾಗೇ ಉಳಿದಿದೆ. ಪೈಪೇ ಇಲ್ಲದ ಅಂಚಿನ ಬಡಾವಣೆಗಳಿಗೆ ಇದರಿಂದ ಏನು ಸಿಗುತ್ತದೆ?

ನೀರಗಂಟಿ

ಮೊದಲು ಕಿಟಕಿಪಕ್ಕ ಅವರ ಮಾತಿಗೆ. ಒಪ್ಪುತ್ತೇನೆ. ನನಗೆ ಬೇಕಾಗಿರುವುದು ವಲಯದ ಅಂಕಿ, ಮನೆಯ ಒಳಗಿನ ದಿನಚರಿ ಅಲ್ಲ. ಸಾವಿರ ಮನೆಗೆ ಒಂದು ಮೀಟರ್ ಇದ್ದರೆ ಸೋರಿಕೆ ಸಿಗುತ್ತದೆ. ಮನೆಯ ಮೀಟರನ್ನು ಬಿಲ್ಲಿಗೆ ಬೇಕಾದಷ್ಟೇ ಓದಿದರೆ ಸಾಕು. ಬೇಕಾದದ್ದಕ್ಕಿಂತ ಜಾಸ್ತಿ ಮಾಹಿತಿ ತಗೊಳ್ಳಬಾರದು ಅನ್ನುವುದು ಗುತ್ತಿಗೆಯಲ್ಲೇ ಬರೆದಿರಬೇಕು. ಮೂರನೇಗೇರ್ ಅವರ ಮಾತೂ ನಿಜ. ಆದರೆ ಸ್ಟಾಕ್‌ಹೋಮಿನಲ್ಲಿ ಕಾರು ಬಿಟ್ಟವರನ್ನು ಕರೆದೊಯ್ಯಲು ಆ ಹೆಚ್ಚುವರಿ ಬಸ್ಸುಗಳು, ಅದರ ಡ್ರೈವರ್‌ಗಳು ಇದ್ದರಲ್ಲ, ನನ್ನ ಲೆಕ್ಕದಲ್ಲಿ ಅವರೇ ಅಲ್ಲಿನ ಗ್ಯಾಂಗ್.

ಈಗ ನಿಮ್ಮ ಪ್ರಶ್ನೆ. ಎರಡು ಗಂಟೆ ನೀರು ಬಿಡುವ ಕಡೆ ಈ ವಿಧಾನ ನಡೆಯುವುದಿಲ್ಲ. ರಾತ್ರಿ ಪೈಪ್ ಖಾಲಿ ಇದ್ದರೆ ಅಳೆಯುವುದು ಏನನ್ನು? ನೀರು ಬಿಟ್ಟ ತಕ್ಷಣ ಮುಂದೆ ಬರುವುದು ಗಾಳಿ, ಆ ಗಾಳಿಯೇ ಮೀಟರನ್ನು ತಿರುಗಿಸುತ್ತದೆ. ಜನ ಎಲ್ಲ ನಲ್ಲಿಗಳನ್ನೂ ತೆರೆದಿಟ್ಟು ತೊಟ್ಟಿ ತುಂಬಿಸುತ್ತಾರೆ, ಯಾವುದು ಬಳಕೆ ಯಾವುದು ಸೋರಿಕೆ ಅಂತ ಬೇರೆ ಮಾಡಲು ಬರುವುದಿಲ್ಲ. ನೀರು ನಿಂತ ಮೇಲೆ ಒತ್ತಡ ಬಿದ್ದು, ಅದೇ ತೂತುಗಳಿಂದ ಹೊರಗಿನ ಕೊಳಕು ಒಳಗೆ ಸೇರುತ್ತದೆ. ಅಂಥ ಕಡೆ ಮೊದಲು ಒಂದೇ ಒಂದು ವಲಯ ಆರಿಸಿ, ಅಲ್ಲಿನ ಪೈಪ್ ಸರಿಮಾಡಿ, 24 ಗಂಟೆ ನೀರು ಬರುವ ಹಾಗೆ ಮಾಡಬೇಕು. ಅಲ್ಲಿ ಉಳಿದ ನೀರು ಪಕ್ಕದ ವಲಯಕ್ಕೆ. ಹಾಗೆ ಒಂದೊಂದೇ. ನಿಧಾನ ಆಗುತ್ತದೆ, ಉದ್ಘಾಟನೆಗೆ ತೋರಿಸಲು ಏನೂ ಇರುವುದಿಲ್ಲ. ಆದರೂ ನನಗೆ ಗೊತ್ತಿರುವ ದಾರಿ ಇದೇ.

ಅಂಚಿನ ಬಡಾವಣೆಗಳ ವಿಷಯ ನನಗೆ ತುಂಬಾ ಹತ್ತಿರದ್ದು. ಅಲ್ಲಿನ ಮೊದಲ ತೊಂದರೆ ಅಂದರೆ ನಗರದ ನಕ್ಷೆಯಲ್ಲಿ ಆ ಜನ ಇಲ್ಲವೇ ಇಲ್ಲ. ನೈರೋಬಿಯ ಕಿಬೆರಾ ಆಫ್ರಿಕದ ದೊಡ್ಡ ಕೊಳೆಗೇರಿಗಳಲ್ಲಿ ಒಂದು. 2009ರವರೆಗೂ ಸಾರ್ವಜನಿಕ ನಕ್ಷೆಗಳಲ್ಲಿ ಅದು ಹೆಚ್ಚುಕಮ್ಮಿ ಖಾಲಿ ಜಾಗ. ಆ ವರ್ಷ ಅಲ್ಲಿನ ಯುವಕ ಯುವತಿಯರು ಜಿಪಿಎಸ್ ಉಪಕರಣ ಹಿಡಿದು ಓಣಿ ಓಣಿ ನಡೆದರು. ನೀರು ಸಿಗುವ ಜಾಗ, ಶೌಚಾಲಯ, ಕ್ಲಿನಿಕ್, ಶಾಲೆ ಎಲ್ಲವನ್ನೂ ಗುರುತಿಸಿ, ಯಾರು ಬೇಕಾದರೂ ತಿದ್ದಿ ಬಳಸಬಹುದಾದ ಅಂತರ್ಜಾಲ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಹಾಕಿದರು. ಖರ್ಚು ಕಡಿಮೆ, ಉಪಕರಣ ಸರಳ. ಪೈಪ್ ಎಲ್ಲಿ ಹಾಕಬೇಕು ಅಂತ ಕೇಳಲು, ಜಗಳ ಮಾಡಲು ಕೈಯಲ್ಲೊಂದು ಕಾಗದ ಬೇಕಲ್ಲ, ಅದನ್ನು ಅವರೇ ಮಾಡಿಕೊಂಡರು. ನಾಮ್ ಪೆನ್‌ನಲ್ಲೂ ಬಡ ಮನೆಗಳಿಗೆ ಸಂಪರ್ಕ ಶುಲ್ಕದಲ್ಲಿ ರಿಯಾಯಿತಿ ಕೊಟ್ಟರು, ಉಳಿದದ್ದನ್ನು ಕಂತಿನಲ್ಲಿ ಕಟ್ಟಲು ಬಿಟ್ಟರು. ಅಂಥ ನಿರ್ಧಾರ ಯಾವ ಸೆನ್ಸರ್‌ನಿಂದಲೂ ಬರುವುದಿಲ್ಲ.

ಇನ್ನೊಂದು ಉದಾಹರಣೆ ರಿಯೊ ಡಿ ಜನೈರೊ. 2010ರ ಏಪ್ರಿಲ್‌ನಲ್ಲಿ ಭಾರೀ ಮಳೆಗೆ ಗುಡ್ಡ ಕುಸಿದು ರಿಯೊ ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಗುಡ್ಡದ ಇಳಿಜಾರಿನಲ್ಲಿ ಮನೆ ಕಟ್ಟಿಕೊಂಡಿದ್ದ ಬಡವರೇ ಬಹಳ. ಅದೇ ವರ್ಷದ ಕೊನೆಗೆ ನಗರ ಐಬಿಎಂ ಜೊತೆ ಸೇರಿ ದೊಡ್ಡ ಕಾರ್ಯಾಚರಣೆ ಕೇಂದ್ರ ತೆರೆಯಿತು. ಗೋಡೆ ತುಂಬಾ ಪರದೆ ಇರುವ ಅದರ ಫೋಟೊ ನೀವು ಖಂಡಿತ ನೋಡಿರುತ್ತೀರಿ. ನಾನು ಬೆಲೆ ಕೊಡುವುದು ಅದರ ಇನ್ನೊಂದು ತುದಿಗೆ. 2011ರಿಂದ ಅಪಾಯದ ಗುಡ್ಡಗಳಲ್ಲಿ ಸೈರನ್ ಹಾಕಿದರು. ಮಳೆಮಾಪಕದ ಅಂಕಿ ಒಂದು ಮಿತಿ ದಾಟಿದರೆ ಸೈರನ್ ಕೂಗುತ್ತದೆ. ಆಮೇಲೆ ಏನು? ಯಾವ ಶಾಲೆಗೆ, ಯಾವ ಸಭಾಂಗಣಕ್ಕೆ ಹೋಗಬೇಕು ಅಂತ ಮೊದಲೇ ನಿಗದಿ ಮಾಡಿದ್ದರು. ಅದೇ ಬೀದಿಯ ನಿವಾಸಿಗಳಿಗೆ ತರಬೇತಿ ಕೊಟ್ಟು ದಾರಿ ತೋರಿಸುವ ಜವಾಬ್ದಾರಿ ವಹಿಸಿದ್ದರು. ರಾತ್ರಿ ಮಳೆಯಲ್ಲಿ ಮುದುಕರನ್ನು, ಮಕ್ಕಳನ್ನು ಎಬ್ಬಿಸಿ ಹೊರಡಿಸುವುದು ಪಕ್ಕದ ಮನೆಯವರಿಂದ ಮಾತ್ರ ಆಗುವ ಕೆಲಸ.

ನಿಮ್ಮ ಪ್ರಾಜೆಕ್ಟಿಗೆ ನನ್ನ ಸಲಹೆ ಹೀಗಿದೆ. ಹತ್ತು ನಗರಗಳನ್ನು ಮೇಲೆ ಮೇಲೆ ಹೋಲಿಸುತ್ತಾ ಕೂರಬೇಡಿ. ಒಂದು ನಗರ, ಒಂದು ಸೇವೆ ತಗೊಳ್ಳಿ. ಒಂದು ಎಚ್ಚರಿಕೆ ಸೆನ್ಸರ್‌ನಿಂದ ಹೊರಟು ರಿಪೇರಿ ಆಗುವವರೆಗೆ ಯಾರ ಯಾರ ಕೈ ದಾಟಿತು, ಎಲ್ಲಿ ಎಷ್ಟು ಹೊತ್ತು ನಿಂತಿತು ಅಂತ ಹಿಂಬಾಲಿಸಿ. ಗುತ್ತಿಗೆ ಪತ್ರ ಸಿಕ್ಕರೆ ನಿರ್ವಹಣೆಗೆ ಎಷ್ಟು ವರ್ಷದ ದುಡ್ಡು ಇಟ್ಟಿದ್ದಾರೆ ನೋಡಿ. ಬ್ಯಾಟರಿ ಮುಗಿದ ಲಾಗರ್‌ಗಳು ವಾಲ್ವ್ ಗುಂಡಿಯಲ್ಲೇ ಸತ್ತು ಬಿದ್ದಿರುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಕಂಪನಿ ಬದಲಾದರೆ ಹಳೆಯ ಡೇಟಾ ನಗರದ ಕೈಯಲ್ಲೇ ಉಳಿಯುತ್ತದಾ ಅಂತಲೂ ಕೇಳಿ. ಮತ್ತೆ, ಸಾಧ್ಯವಾದರೆ ಒಂದು ರಾತ್ರಿ ಸೋರಿಕೆ ಹುಡುಕುವ ತಂಡದ ಜೊತೆ ಹೋಗಿ. ವಾಲ್ವ್‌ಮನ್‌ಗಳ ಹತ್ತಿರ ಕೂತು ಮಾತಾಡಿ. ಜಾಲದ ನಿಜವಾದ ನಕ್ಷೆ ಎಷ್ಟೋ ಕಡೆ ಅವರ ತಲೆಯಲ್ಲಿ ಮಾತ್ರ ಇದೆ, ಅವರು ನಿವೃತ್ತರಾಗುವುದಕ್ಕೆ ಮೊದಲು ಯಾರಾದರೂ ಬರೆದಿಟ್ಟುಕೊಳ್ಳಬೇಕು. ನಿಮ್ಮಂಥವರು ಬಂದು ಕೇಳಿದರೆ ಅವರು ಖುಷಿಯಿಂದ ಹೇಳುತ್ತಾರೆ.

ರಾತ್ರಿ ಹರಿವಿನ ಲೆಕ್ಕ ಹಾಕುವುದು ಹೇಗೆ ಅಂತ ಬೇಕಿದ್ದರೆ ಇಲ್ಲೇ ಕೇಳಿ, ಒಂದು ವಲಯದ ಮಾದರಿ ಅಂಕಿ ಹಾಕಿ ತೋರಿಸುತ್ತೇನೆ.